ಮೆತ್ತನೆಯ ನೆಲದಲ್ಲಿ ಮುಕ್ಕಾಲಿ: ಶಾಸನ ಛಾಯಾಗ್ರಹಣಕ್ಕೊಂದು ಕ್ಷೇತ್ರಪಾಠ

ಕೊಯ್ಲು ಮುಗಿದ ಗದ್ದೆಯ ಅಂಚಿನಲ್ಲಿ ಒಂದು ವೀರಗಲ್ಲು ಅರ್ಧ ಹೂತು ನಿಂತಿದೆ ಎಂದು ಭಾವಿಸೋಣ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಪಟ್ಟಿಕೆಗಳ ನಡುವಣ ಅಡ್ಡಪಟ್ಟಿಯಲ್ಲಿ ಮಳೆಗೆ ಸವೆದ ಎರಡು ಸಾಲು ಬರಹ. ಬೆಳಗಿನ ಎಳೆಬಿಸಿಲು ಕಲ್ಲಿನ ಮೈಯನ್ನು ಓರೆಯಾಗಿ ಸವರಿಕೊಂಡು ಹೋಗುವ ಸುಮಾರು ಅರ್ಧ ಗಂಟೆ ಮಾತ್ರ ಆ ಅಕ್ಷರಗಳು ಎದ್ದು ಕಾಣುತ್ತವೆ. ವಿದ್ಯಾರ್ಥಿಗಳ ತಂಡವು ಆ ಹೊತ್ತಿಗೆ ಸರಿಯಾಗಿ ತಲುಪಿ, ಟ್ರೈಪಾಡ್ ನಿಲ್ಲಿಸಿ, ಇಪ್ಪತ್ತು ಚಿತ್ರ ತೆಗೆದು ಮರಳುತ್ತದೆ. ಮನೆಯಲ್ಲಿ ತೆರೆದು ನೋಡಿದರೆ ಇಪ್ಪತ್ತರಲ್ಲಿ ಒಂದೂ ಓದಲು ಬರುವುದಿಲ್ಲ. ಕ್ಯಾಮೆರಾ ಚೆನ್ನಾಗಿತ್ತು, ಬೆಳಕು ಒದಗಿತ್ತು, ಟ್ರೈಪಾಡ್ ಕೂಡ ಇತ್ತು. ಕೈಕೊಟ್ಟದ್ದು ಟ್ರೈಪಾಡಿನ ಕೆಳಗಿದ್ದ ನೆಲ.

ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ಕ್ಷೇತ್ರಕಾರ್ಯಕ್ಕೆ ಹೊರಡುವ ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಲಿಪಿಯ ಪರಿಚಯ ಎಷ್ಟು ಅಗತ್ಯವೋ ಚಿತ್ರವನ್ನು ಅಲುಗದಂತೆ ತೆಗೆಯುವ ತಿಳಿವಳಿಕೆಯೂ ಅಷ್ಟೇ ಅಗತ್ಯ. ಮೆತ್ತನೆಯ ಅಥವಾ ಏರುಪೇರಾದ ನೆಲದಲ್ಲಿ ಟ್ರೈಪಾಡನ್ನು ಸ್ಥಿರವಾಗಿ ನಿಲ್ಲಿಸುವ ಕ್ರಮ ಮತ್ತು ಅದರ ಹಿಂದಿನ ಕಾರಣಗಳು ಈ ಪಾಠದ ವಿಷಯ.

1. ಚಿತ್ರ ಅಲುಗಿದರೆ ಓದೂ ಅಲುಗುತ್ತದೆ

ಶಾಸನಗಳ ಸಂಗ್ರಹಕ್ಕೆ ಈ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಪ್ರಕಟಣೆ 1886ರಲ್ಲಿ ಆರಂಭವಾಯಿತು. ಮಂಜೇಶ್ವರದ ಎಂ. ಗೋವಿಂದ ಪೈ (1883-1963) ಕವಿಯಾಗಿದ್ದಂತೆಯೇ ಇತಿಹಾಸ ಸಂಶೋಧಕರೂ ಆಗಿದ್ದು, ಕಾಲನಿರ್ಣಯದ ಪ್ರಶ್ನೆಗಳಿಗೆ ಶಾಸನಗಳನ್ನು ಆಧಾರವಾಗಿ ಬಳಸಿದವರು. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ತೆಗೆಯುವ ಪಡಿಯಚ್ಚು ಇಂದಿಗೂ ಶಾಸನತಜ್ಞರ ಮುಖ್ಯ ಸಾಧನ. ಆದರೆ ಅದಕ್ಕೆ ತರಬೇತಿ ಬೇಕು, ಸಾಮಗ್ರಿ ಬೇಕು, ಅನುಮತಿ ಬೇಕು. ಕಲ್ಲನ್ನು ಮುಟ್ಟದೆ, ಅದಕ್ಕೆ ಏನನ್ನೂ ಹಚ್ಚದೆ ವಿದ್ಯಾರ್ಥಿಯು ಮಾಡಬಹುದಾದ ಮೊದಲ ದಾಖಲೆಯೆಂದರೆ ಛಾಯಾಚಿತ್ರ.

ಚಿತ್ರದಲ್ಲಿ ಏನು ಕಳೆದುಹೋಗಬಹುದು ಎಂಬುದನ್ನು ಇಂದಿನ ಬರಹದ ಉದಾಹರಣೆಯಿಂದಲೇ ತಿಳಿಯಬಹುದು. 'ದನ' ಮತ್ತು 'ಧನ' ಪದಗಳ ನಡುವಿನ ಅಂತರ ಅಕ್ಷರದ ಬುಡದ ಒಂದು ಸೀಳು ಮಾತ್ರ. ಆ ಸೀಳು ಕಾಣದಿದ್ದರೆ ವೀರನು ಹಸುಗಳನ್ನು ಬಿಡಿಸಲು ಹೋರಾಡಿದನೋ, ದಾನಿಯೊಬ್ಬನು ಹಣವನ್ನು ಕೊಟ್ಟನೋ ತಿಳಿಯುವುದಿಲ್ಲ. ಪಕಾರಕ್ಕೂ ಷಕಾರಕ್ಕೂ ಇರುವ ಭೇದ ಹೊಟ್ಟೆಯೊಳಗಿನ ಒಂದು ಗೆರೆ. ಅಂಕಿಗಳಲ್ಲಿ ೬ ಮತ್ತು ೯ ಒಂದನ್ನೊಂದು ಬಹುಮಟ್ಟಿಗೆ ಹೋಲುತ್ತವೆ. ಶಕವರ್ಷ 961 ಎಂದರೆ ಕ್ರಿ.ಶ. 1039, ಕಲ್ಯಾಣ ಚಾಲುಕ್ಯರಲ್ಲಿ ಇಮ್ಮಡಿ ಜಯಸಿಂಹನ ಕಾಲ; 991 ಎಂದು ಓದಿದರೆ ಕ್ರಿ.ಶ. 1069, ಇಮ್ಮಡಿ ಸೋಮೇಶ್ವರನ ಕಾಲ. ಹಳೆಯ ಲಿಪಿಯಲ್ಲಿ ಅಂಕಿ-ಅಕ್ಷರಗಳ ರೂಪ ಬೇರೆಯಾದರೂ ತೊಡಕಿನ ಬಗೆ ಇದೇ. ಸವೆದ ಕಲ್ಲಿನಲ್ಲಿ ಒಂದು ಗೆರೆಯ ನೆರಳೇ ಸಾಕ್ಷಿ. ಆ ನೆರಳು ಮಸುಕಾದರೆ ಸಾಕ್ಷಿಯೂ ಇಲ್ಲವಾಗುತ್ತದೆ.

ಓರೆಬೆಳಕು ಬೇಕಾದುದರಿಂದ ಚಿತ್ರ ತೆಗೆಯುವ ಹೊತ್ತು ಮುಂಜಾನೆ ಅಥವಾ ಸಂಜೆ. ಆಗ ಬೆಳಕು ಕಡಿಮೆ. ಕಲ್ಲಿನ ಉಬ್ಬುತಗ್ಗುಗಳೆಲ್ಲ ಸ್ಪಷ್ಟವಾಗಿ ಕಾಣಲು ಲೆನ್ಸಿನ ಕಿಂಡಿಯನ್ನು ಎಫ್ 8 ಅಥವಾ ಎಫ್ 11ಕ್ಕೆ ಕಿರಿದುಗೊಳಿಸಬೇಕು. ಚಿತ್ರದಲ್ಲಿ ಕಾಳುಕಾಳಾದ ಚುಕ್ಕೆಗಳು ಬಾರದಿರಲು ಐಎಸ್ಒ ಮೌಲ್ಯವನ್ನು 100ರ ಆಸುಪಾಸಿನಲ್ಲಿಡಬೇಕು. ಈ ಮೂರೂ ಸೇರಿದಾಗ ಮರದ ನೆರಳಿನಲ್ಲಿರುವ ಕಲ್ಲಿಗೆ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕಾಗುತ್ತದೆ. 50 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯುವಾಗ 1/50 ಸೆಕೆಂಡಿಗಿಂತ ನಿಧಾನವಾದರೆ ಚಿತ್ರ ಅಲುಗುವ ಸಂಭವವಿದೆ ಎಂಬುದು ಛಾಯಾಗ್ರಾಹಕರ ರೂಢಿಯ ಲೆಕ್ಕ. ಅರ್ಧ ಸೆಕೆಂಡ್ ಅದರ ಇಪ್ಪತ್ತೈದು ಪಟ್ಟು. ಆದ್ದರಿಂದಲೇ ಟ್ರೈಪಾಡ್ ಬೇಕು.

ಇನ್ನೊಂದು ಕಾರಣವೂ ಉಂಟು. ಶಾಸನವನ್ನು ಒಂದೇ ಬೆಳಕಿನಲ್ಲಿ ತೆಗೆದರೆ ಸಾಲದು. ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆಗಳಿಗೆ ನೆರಳು ಬೀಳುವುದಿಲ್ಲ. ಅವು ಕಾಣದೆ ಹೋಗುತ್ತವೆ. ಆದಕಾರಣ ಕನ್ನಡಿಯಿಂದಲೋ ಟಾರ್ಚಿನಿಂದಲೋ ಎಡಗಡೆಯಿಂದ, ಬಲಗಡೆಯಿಂದ, ಮೇಲಿನಿಂದ ಓರೆಬೆಳಕು ಹಾಯಿಸಿ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಹೊಂದಿಸಿ ನೋಡುವುದು ಕ್ರಮ. ಹೀಗೆ ಹೊಂದಿಸಬೇಕಾದರೆ ಆ ಎಲ್ಲ ಚಿತ್ರಗಳ ಅವಧಿಯಲ್ಲಿ, ಅಂದರೆ ಹತ್ತು ಹದಿನೈದು ನಿಮಿಷ, ಕ್ಯಾಮೆರಾ ಇದ್ದಲ್ಲೇ ಇರಬೇಕು. ಶಟರ್ ತೆರೆದ ಕ್ಷಣದ ಅಲುಗಾಟ ಒಂದು ದೋಷ. ಚಿತ್ರದಿಂದ ಚಿತ್ರಕ್ಕೆ ಟ್ರೈಪಾಡ್ ಮೆಲ್ಲನೆ ಕುಸಿಯುವುದು ಇನ್ನೊಂದು ದೋಷ. ಎರಡನೆಯದು ಕಣ್ಣಿಗೆ ಕಾಣದು. ಅದರಿಂದಾಗಿಯೇ ಹೆಚ್ಚು ಅಪಾಯಕಾರಿ.

2. ಮೂರು ಕಾಲಿನ ತತ್ತ್ವ

ಟ್ರೈಪಾಡಿಗೆ ಕನ್ನಡದಲ್ಲಿ ಮುಕ್ಕಾಲಿ ಎಂಬ ಮಾತು ಸಹಜವಾಗಿ ಒಪ್ಪುತ್ತದೆ. ಮೂರು ಕಾಲುಳ್ಳದ್ದು ಯಾವುದೋ ಅದು ಮುಕ್ಕಾಲಿ. 'ಮೂರು' ಎಂಬುದು 'ಮು' ಆಗಿ ಮುಂದಿನ ವ್ಯಂಜನ ಇಮ್ಮಡಿಸುವ ಕ್ರಮವನ್ನು ಮುಕ್ಕಣ್ಣ, ಮುಕ್ಕೊಡೆ, ಮುಮ್ಮಡಿ ಎಂಬ ಪದಗಳಲ್ಲಿ ವಿದ್ಯಾರ್ಥಿಗಳು ಈಗಾಗಲೇ ಕಂಡಿದ್ದಾರೆ.

ಕಾಲುಗಳು ಮೂರೇ ಏಕೆ ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಬಯಲಿನಲ್ಲಿ ಒಲೆ ಹೂಡುವಾಗ ಇಡುವುದು ಮೂರು ಕಲ್ಲು. ಕಲ್ಲುಗಳ ಎತ್ತರದಲ್ಲಿ ತುಸು ಹೆಚ್ಚುಕಡಿಮೆಯಾದರೂ ಪಾತ್ರೆ ಓರೆಯಾದೀತೇ ಹೊರತು ಗಡಗಡಿಸುವುದಿಲ್ಲ. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳು ಯಾವಾಗಲೂ ಒಂದು ಸಮತಲವನ್ನು ನಿರ್ಣಯಿಸುತ್ತವೆ. ನಾಲ್ಕನೆಯ ಬಿಂದು ಆ ಸಮತಲದಲ್ಲಿರಬೇಕೆಂಬ ನಿಯಮವಿಲ್ಲ. ಏರುಪೇರಾದ ನೆಲದಲ್ಲಿ ನಾಲ್ಕು ಕಾಲಿನ ಮೇಜು ಕುಣಿಯುವುದು ಇದರಿಂದ. ಮೂರು ಕಾಲಿನ ಸಾಧನವು ಎಂಥ ನೆಲದಲ್ಲಿಯೂ ಮೂರೂ ಕಾಲುಗಳನ್ನು ಊರಿ ನಿಲ್ಲುತ್ತದೆ.

ಆದರೆ ಕುಣಿಯದಿರುವುದು ಬೇರೆ, ಬೀಳದಿರುವುದು ಬೇರೆ, ಕುಸಿಯದಿರುವುದು ಬೇರೆ. ಇವು ಮೂರನ್ನೂ ಬಿಡಿಬಿಡಿಯಾಗಿ ನೋಡಬೇಕು.

ಬೀಳದಿರಲು ಬೇಕಾದುದು ಭಾರಕೇಂದ್ರದ ನಿಯಮ. ಕ್ಯಾಮೆರಾ ಮತ್ತು ಟ್ರೈಪಾಡಿನ ಒಟ್ಟು ಭಾರಕೇಂದ್ರದಿಂದ ನೇರ ಕೆಳಕ್ಕೆ ಇಳಿಬಿಟ್ಟ ಗೆರೆಯು ಮೂರು ಪಾದಗಳ ತ್ರಿಕೋನದೊಳಗೆ ಬೀಳಬೇಕು. ಪಾದಗಳ ನಡುವೆ ತಲಾ 1 ಮೀಟರ್ ಅಂತರವಿದ್ದರೆ ತ್ರಿಕೋನದ ನಡುಬಿಂದುವಿನಿಂದ ಯಾವುದೇ ಬದಿಗೆ ಇರುವ ಅಂತರ ಸುಮಾರು 29 ಸೆಂ.ಮೀ. ಮಾತ್ರ. ಭಾರಕೇಂದ್ರವು ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದ್ದು, ಮೂರೂ ಕಾಲುಗಳನ್ನು ಸಮನಾಗಿಟ್ಟು 10 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಆ ಗೆರೆ ನಡುವಿನಿಂದ ಸುಮಾರು 21 ಸೆಂ.ಮೀ. ಇಳಿಜಾರಿನ ಕಡೆಗೆ ಸರಿಯುತ್ತದೆ. ಉಳಿಯುವುದು 8 ಸೆಂ.ಮೀ.; ಒಂದು ಗಾಳಿಯ ಬೀಸು ಸಾಕು. ಅದೇ ಭಾರಕೇಂದ್ರವನ್ನು 60 ಸೆಂ.ಮೀ.ಗೆ ಇಳಿಸಿದರೆ ಸರಿಯುವಿಕೆಯೂ ಅರ್ಧಕ್ಕಿಳಿಯುತ್ತದೆ. ಟ್ರೈಪಾಡನ್ನು ಅಗತ್ಯಕ್ಕಿಂತ ಎತ್ತರಿಸಬಾರದು ಎಂಬ ಮಾತಿಗೆ ಇದೇ ಆಧಾರ. ಹೂತ ವೀರಗಲ್ಲಿನ ಬರಹ ಹೆಚ್ಚಾಗಿ ಮೊಣಕಾಲೆತ್ತರದಲ್ಲಿಯೇ ಇರುತ್ತದೆ. ಛಾಯಾಗ್ರಾಹಕನು ಮಂಡಿಯೂರಬೇಕಲ್ಲದೆ ಟ್ರೈಪಾಡನ್ನು ತನ್ನ ಕಣ್ಣಿನೆತ್ತರಕ್ಕೆ ಏರಿಸಬಾರದು.

ಟ್ರೈಪಾಡಿನ ನಡುಗಂಬವನ್ನು ಮೇಲೆತ್ತುವುದು ಕೊನೆಯ ಉಪಾಯವಾಗಿರಬೇಕು. ಅದನ್ನು ಎತ್ತಿದಷ್ಟೂ ಮೂರು ಕಾಲಿನ ಸಾಧನವು ತುದಿಯಲ್ಲಿ ಒಂಟಿಕಾಲಿನದಾಗುತ್ತದೆ. ಎತ್ತರ ಬೇಕಾದರೆ ಮೊದಲು ಕಾಲುಗಳ ದಪ್ಪನೆಯ ಮೇಲ್ಭಾಗವನ್ನು ಬಿಚ್ಚಿ ಉದ್ದಗೊಳಿಸಬೇಕು, ಅನಂತರ ಕೆಳಗಿನ ಸಪೂರ ಭಾಗಗಳನ್ನು, ಎಲ್ಲಕ್ಕೂ ಕಡೆಗೆ ನಡುಗಂಬವನ್ನು.

3. ನೆಲ ಏಕೆ ಕುಸಿಯುತ್ತದೆ

ಕುಸಿತಕ್ಕೆ ಕಾರಣ ತೂಕವಲ್ಲ, ಒತ್ತಡ. ಕ್ಯಾಮೆರಾ ಸಹಿತ ಟ್ರೈಪಾಡಿನ ತೂಕ ಮೂರೂವರೆ ಕಿಲೋ ಎಂದಿಟ್ಟುಕೊಳ್ಳೋಣ. ಪಾದಗಳ ರಬ್ಬರ್ ಬಿಲ್ಲೆಗಳ ವ್ಯಾಸ 3 ಸೆಂ.ಮೀ. ಇದ್ದರೆ ಮೂರೂ ಸೇರಿ ನೆಲವನ್ನು ಮುಟ್ಟುವುದು ಸುಮಾರು 21 ಚದರ ಸೆಂ.ಮೀ. ಜಾಗ. ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 165 ಗ್ರಾಂ. ಪ್ರತಿಯೊಂದು ಪಾದದ ಕೆಳಗೂ 10 ಸೆಂ.ಮೀ. ಚಚ್ಚೌಕದ ಹಲಗೆ ತುಂಡನ್ನಿಟ್ಟರೆ ಮುಟ್ಟುವ ಜಾಗ 300 ಚದರ ಸೆಂ.ಮೀ. ಆಗುತ್ತದೆ, ಭಾರ 12 ಗ್ರಾಮಿಗೆ ಇಳಿಯುತ್ತದೆ. ಮೂರು ಹಲಗೆ ತುಂಡುಗಳಿಂದ ಒತ್ತಡ ಹದಿನಾಲ್ಕನೆಯ ಒಂದು ಪಾಲಾಗುತ್ತದೆ. ಕೆಸರುಗದ್ದೆಯನ್ನು ದಾಟಲು ಹಲಗೆ ಹಾಸುವವರು ಈ ಲೆಕ್ಕವನ್ನು ಬರೆದು ನೋಡದೆಯೇ ಬಲ್ಲರು.

ಕುಸಿತದ ಪರಿಣಾಮ ಎಷ್ಟು? ಮುಂದಿನ ಪಾದವೊಂದು 5 ಮಿ.ಮೀ. ಇಳಿಯಿತೆಂದರೆ, ಮೇಲೆ ಹೇಳಿದ ಅಳತೆಯ ಟ್ರೈಪಾಡ್ ಡಿಗ್ರಿಯ ಮೂರರಲ್ಲೊಂದು ಪಾಲು ವಾಲುತ್ತದೆ. ಕಣ್ಣಿಗೆ ಇದು ತಿಳಿಯದು. ಆದರೆ 3 ಮೀಟರ್ ದೂರದ ಕಲ್ಲಿನ ಮೇಲೆ ಕ್ಯಾಮೆರಾ ನೋಡುವ ಜಾಗ ಸುಮಾರು 2 ಸೆಂ.ಮೀ. ಕೆಳಗಿಳಿದಿರುತ್ತದೆ. ಅಷ್ಟಕ್ಕೆ ಎರಡು ಚಿತ್ರಗಳು ಒಂದರ ಮೇಲೊಂದು ಹೊಂದುವುದಿಲ್ಲ. ಶಟರ್ ತೆರೆದಿರುವಾಗ ಪಾದವು 0.1 ಮಿ.ಮೀ. ಇಳಿದರೂ ಸಾಕು, ಕಲ್ಲಿನ ಮೇಲಣ ಪ್ರತಿ ಗೆರೆಯೂ ಚಿತ್ರದಲ್ಲಿ ಸುಮಾರು 0.4 ಮಿ.ಮೀ. ಹರಡಿಕೊಳ್ಳುತ್ತದೆ. ಸವೆದ ಅಕ್ಷರದ ಅಂಚಿನ ತೆಳುನೆರಳನ್ನು ಅಳಿಸಲು ಅಷ್ಟು ಸಾಕು.

ಇಲ್ಲಿ ಮುಖ್ಯವಾದ ಒಂದು ಕ್ರಮವಿದೆ. ಮೆತ್ತನೆಯ ಮಣ್ಣು ಒಮ್ಮೆ ಒತ್ತಿದಷ್ಟು ಇಳಿದು ಗಟ್ಟಿಯಾಗುತ್ತದೆ. ಅದಕ್ಕಿಂತ ಕಡಿಮೆ ಭಾರ ಬಿದ್ದರೆ ಮತ್ತೆ ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಕ್ಯಾಮೆರಾ ಕೂರಿಸುವ ಮೊದಲು ಪ್ರತಿಯೊಂದು ಕಾಲನ್ನೂ ಕೈಯಿಂದ, ಅದು ಮುಂದೆ ಹೊರಬೇಕಾದ ಭಾರಕ್ಕಿಂತ ಹೆಚ್ಚು ಬಲದಿಂದ, ಕಾಲಿನ ಉದ್ದದ ದಿಕ್ಕಿನಲ್ಲಿ ಕೆಳಕ್ಕೆ ಒತ್ತಬೇಕು. ಇಳಿಯುವಷ್ಟು ಆಗಲೇ ಇಳಿದುಬಿಡಲಿ. ಆಮೇಲೆ ಮಟ್ಟ ಸರಿಪಡಿಸಿ ಕ್ಯಾಮೆರಾ ಕೂರಿಸಿ ಎರಡು ನಿಮಿಷ ಕಾಯಬೇಕು. ಈ ಎರಡು ನಿಮಿಷಗಳಲ್ಲಿ ಶಾಸನದ ಅಳತೆ ತೆಗೆದುಕೊಂಡರೆ ಹೊತ್ತೂ ವ್ಯರ್ಥವಾಗದು.

4. ನೆಲವನ್ನರಿತು ಪಾದ

ಗಡಿಯ ಕನ್ನಡ ಪ್ರದೇಶಗಳ ನೆಲ ಒಂದೇ ಬಗೆಯದಲ್ಲ. ಒಂದು ನೆಲಕ್ಕೆ ಒಪ್ಪುವ ಉಪಾಯ ಇನ್ನೊಂದಕ್ಕೆ ಒಪ್ಪದು.

ಗದ್ದೆ ಮತ್ತು ತೋಟ. ಕಾಸರಗೋಡಿನ ಗದ್ದೆಗಳಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ತೋಟದಲ್ಲಿ ಸೋಗೆ ಮತ್ತು ತರಗೆಲೆಗಳ ಹಾಸು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಮೊದಲು ಪಾದ ಊರುವ ಮೂರು ಜಾಗಗಳಲ್ಲಿ ಎಲೆಗಳನ್ನು ಸರಿಸಿ ಮಣ್ಣು ಕಾಣುವಂತೆ ಮಾಡಬೇಕು. ಅನಂತರ ಹಲಗೆ ತುಂಡು ಅಥವಾ ಒಡೆದ ಮಂಗಳೂರು ಹಂಚಿನ ಚಪ್ಪಟೆ ತುಂಡನ್ನಿಟ್ಟು ಅದರ ಮೇಲೆ ಪಾದವನ್ನೂರಬೇಕು. ಅಡಿಕೆಯ ಹಾಳೆ ಅಗಲವಾಗಿದ್ದರೂ ಬಾಗುವುದರಿಂದ ಒಂಟಿಯಾಗಿ ಸಾಲದು. ನೀರಿನ ಕಣಿಯ ಅಂಚಿನಲ್ಲಿ ಮಣ್ಣು ಪಕ್ಕಕ್ಕೆ ಜರಿಯುತ್ತದೆ; ಅಂಚಿನಿಂದ ಒಂದು ಮೊಳವಾದರೂ ಒಳಗೆ ಪಾದವಿಡಬೇಕು. ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟವನ್ನು ಚಿತ್ರೀಕರಿಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟದ ದಾಖಲೀಕರಣವೂ ಕ್ಷೇತ್ರಕಾರ್ಯದ ಭಾಗವೇ. ಅಲ್ಲಿ ಜನರ ಓಡಾಟದಿಂದ ನೆಲ ಅದುರುವುದರಿಂದ ಟ್ರೈಪಾಡನ್ನು ದಾರಿಯಿಂದ ದೂರ, ತುಳಿದು ಗಟ್ಟಿಯಾದ ಜಾಗದಲ್ಲಿ ನಿಲ್ಲಿಸಬೇಕು.

ಮರಳು. ಕೆಳದಿ ನಾಯಕರ ನೆನಪನ್ನು ಹೊತ್ತ ಬೇಕಲ ಕೋಟೆಯನ್ನು ಕಡಲತಡಿಯಿಂದ ತೆಗೆಯುವಾಗ ಎದುರಾಗುವುದು ಮರಳು. ಒಣಮರಳಿನಲ್ಲಿ ಪಾದಗಳನ್ನು ಆಳಕ್ಕೆ ಹೂಳುವುದೇ ಉಪಾಯ. ಆದರೆ ಕಾಲುಗಳನ್ನು ಪೂರ್ತಿ ಅಗಲಿಸಿಟ್ಟು ಮೇಲಿನಿಂದ ಒತ್ತಿದರೆ ಅವು ಇನ್ನಷ್ಟು ಅಗಲಲು ಹೊರಟು ಮೇಲಿನ ಕೀಲು ಮುರಿಯಬಹುದು. ಕಾಲುಗಳನ್ನು ತುಸು ಕೂಡಿಸಿಟ್ಟು ಒತ್ತಬೇಕು. ಮರಳಿನೊಳಗೆ ಇಳಿಯುತ್ತ ಅವು ತಾವಾಗಿ ಅಗಲಿಕೊಳ್ಳುತ್ತವೆ. ಅಲೆ ಬಂದು ಹೋಗುವ ಜಾಗದಲ್ಲಿ ಮಾತ್ರ ಎಷ್ಟು ಹೂತರೂ ಪ್ರಯೋಜನವಿಲ್ಲ. ಹಿಂಜರಿಯುವ ನೀರು ಪಾದದ ಸುತ್ತಣ ಮರಳನ್ನು ಕೊರೆದು ಒಯ್ಯುತ್ತದೆ, ಪ್ರತಿ ಅಲೆಗೂ ಟ್ರೈಪಾಡ್ ಇಳಿಯುತ್ತದೆ. ಅಲೆಯ ಗುರುತಿನಿಂದ ಮೇಲೆ ನಿಲ್ಲುವುದೇ ಸರಿ.

ಎರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಕಪ್ಪು ಎರೆಮಣ್ಣು. ಭೀಮಾ-ಸೀನಾ ನದಿಗಳ ಸಂಗಮದ ಹತ್ತರಸಂಗ ಕೂಡಲದಂಥ ಪ್ರಾಚೀನ ಸ್ಥಳಗಳ ಸುತ್ತ ನಡೆದಾಡುವವರಿಗೆ ಅದರ ಗುಣ ಗೊತ್ತು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಆದರೆ ಬಿರುಕುಬಿಟ್ಟಿರುತ್ತದೆ. ಮಳೆ ಬಿದ್ದರೆ ಉಬ್ಬಿ ಅಂಟಿನಂತಾಗುತ್ತದೆ. ಒಣಗಿದ ಎರೆಯಲ್ಲಿ ಬಿರುಕಿನ ಅಂಚು ಮುರಿಯುವುದರಿಂದ ಎರಡು ಬಿರುಕುಗಳ ನಡುವಣ ಹೆಂಟೆಯ ಮಧ್ಯದಲ್ಲಿ ಪಾದವಿಡಬೇಕು. ಹಸಿ ಎರೆಯಲ್ಲಿ ಹಲಗೆಯಿಲ್ಲದೆ ನಿಲ್ಲಿಸಲೇಬಾರದು. ಪಾದಕ್ಕೆ ಅಂಟಿದ ಮಣ್ಣಿನ ಮುದ್ದೆಯನ್ನು ಪ್ರತಿ ಬಾರಿ ಕೆರೆದು ತೆಗೆಯದಿದ್ದರೆ ಪಾದ ನೆಲವನ್ನು ಮುಟ್ಟುವುದೇ ಇಲ್ಲ, ಮುದ್ದೆಯ ಮೇಲೆ ಜಾರುತ್ತದೆ.

ಮುರಕಲ್ಲು ಮತ್ತು ಬಂಡೆ. ಕರಾವಳಿಯ ಮುರಕಲ್ಲಿನ ಪಾರೆ, ರಾಯದುರ್ಗ-ಮಡಕಶಿರಾ ಕಡೆಯ ಕರಿಗಲ್ಲ ಬಂಡೆ ಕುಸಿಯುವುದಿಲ್ಲ, ಜಾರಿಸುತ್ತವೆ. ಇಲ್ಲಿ ಮೊಳೆಯಂಥ ಚೂಪು ಪಾದಗಳನ್ನು ಬಳಸಬಾರದು. ರಬ್ಬರ್ ಪಾದಗಳೇ ಸರಿ. ಮುರಕಲ್ಲಿನ ಮೇಲಿನ ಸಡಿಲ ಹರಳುಗಳನ್ನು ಕೈಯಿಂದ ಗುಡಿಸಿ ಗಟ್ಟಿ ಮೈ ಕಂಡ ಮೇಲೆ ಪಾದವೂರಬೇಕು. ಗುಂಡುಬಂಡೆಯ ನುಣುಪು ಇಳಿಜಾರಿನಲ್ಲಿ ಸಣ್ಣ ತಗ್ಗು ಅಥವಾ ಸಂದು ಹುಡುಕಿ ಅದರಲ್ಲಿ ಪಾದವನ್ನು ಸಿಕ್ಕಿಸಬೇಕು. ಕೆಲವು ಟ್ರೈಪಾಡುಗಳಲ್ಲಿ ರಬ್ಬರ್ ಬಿಲ್ಲೆಯನ್ನು ತಿರುಗಿಸಿದರೆ ಒಳಗಿನ ಮೊಳೆ ಹೊರಬರುತ್ತದೆ. ಆ ಮೊಳೆ ಹುಲ್ಲುನೆಲಕ್ಕೂ ಹೆಪ್ಪುಗಟ್ಟಿದ ಮಣ್ಣಿಗೂ ಮಾತ್ರ.

ಕೆಸರು, ಮರಳು, ನೀರು ಇರುವಲ್ಲಿ ಕಾಲುಗಳನ್ನು ಬಿಚ್ಚುವ ಕ್ರಮ ಮಗುಚಬೇಕು. ಕೆಳತುದಿಯ ಸಪೂರ ಭಾಗವನ್ನು ಮೊದಲು ಬಿಚ್ಚಿದರೆ ಬಿಗಿತದ ತಿರುಪುಗಳು ಕೆಸರಿನಿಂದ ಮೇಲೆ ಉಳಿಯುತ್ತವೆ. ಬಿಗಿತ ತುಸು ಕಡಿಮೆಯಾದರೂ ತಿರುಪಿನೊಳಗೆ ಮರಳು ಹೊಕ್ಕು ಟ್ರೈಪಾಡ್ ಕೆಡುವುದು ತಪ್ಪುತ್ತದೆ. ಮರಳಿದ ಮೇಲೆ ಕಾಲುಗಳನ್ನು ಒರೆಸದೆ ಮಡಚಬಾರದು. ಉಪ್ಪುನೀರು ತಾಗಿದ್ದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.

5. ಇಳಿಜಾರಿನಲ್ಲಿ

ನೀಲಗಿರಿ, ವಯನಾಡುಗಳ ಗುಡ್ಡಗಳಲ್ಲಾಗಲಿ, ಕೆರೆಯ ಏರಿಯ ಮೇಲಾಗಲಿ ಟ್ರೈಪಾಡ್ ನಿಲ್ಲಿಸುವಾಗ ಭೂಮಾಪಕರು ಅನುಸರಿಸುವ ಕ್ರಮವೇ ಮೇಲು. ಒಂದು ಕಾಲು ಏರಿನ ಕಡೆಗೆ, ಎರಡು ಕಾಲು ಇಳಿಜಾರಿನ ಕಡೆಗೆ. ಇಳಿಜಾರಿನ ಕಾಲುಗಳು ಉದ್ದವಾಗಿರಬೇಕಾಗುತ್ತದೆ. ಉದ್ದವಾದಷ್ಟೂ ಬಳುಕುತ್ತವೆ, ಜಾರುತ್ತವೆ. ಆ ಹೊರೆಯನ್ನು ಎರಡು ಕಾಲುಗಳು ಹಂಚಿಕೊಂಡರೆ ಕ್ಷೇಮ. ಏರಿನ ಕಡೆಯ ಕಾಲನ್ನು ಗಿಡ್ಡವಾಗಿಡಬೇಕು.

ಮಟ್ಟ ತರುವುದು ಕಾಲಿನ ಉದ್ದದಿಂದಲೇ ಹೊರತು ತಲೆಯನ್ನು ವಾಲಿಸುವುದರಿಂದಲ್ಲ. ಟ್ರೈಪಾಡ್ ಓರೆಯಾಗಿಯೇ ನಿಂತಿದ್ದು ಕ್ಯಾಮೆರಾ ಮಾತ್ರ ನೇರವಾಗಿದ್ದರೆ ಚಿತ್ರ ಸೊಟ್ಟಗಾಗದು, ಆದರೆ ಭಾರದ ಗೆರೆ ತ್ರಿಕೋನದ ಅಂಚಿನಲ್ಲಿಯೇ ಇರುತ್ತದೆ. ಇದನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ನಡುಗಂಬದ ಬುಡಕ್ಕೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲೊಂದನ್ನು ಕಟ್ಟಿ ಇಳಿಬಿಡಬೇಕು. ಕಲ್ಲು ಮೂರು ಪಾದಗಳ ನಡುವಿಗೆ ಸರಿಯಾಗಿ ತೂಗಿದರೆ ನಿಲುವು ಸರಿ. ಒಂದು ಬದಿಗೆ ಹತ್ತಿರವಾದರೆ ಆ ಬದಿಯ ಕಾಲುಗಳನ್ನು ಉದ್ದ ಮಾಡಬೇಕು.

ಸಮನೆಲದಲ್ಲಿಯಾದರೆ ಒಂದು ಕಾಲು ಲೆನ್ಸಿನ ದಿಕ್ಕಿಗೆ ಇರಲಿ. ಮುಂದಕ್ಕೆ ಚಾಚಿದ ಲೆನ್ಸಿನ ಭಾರಕ್ಕೆ ಅದು ಆಸರೆ. ಹಿಂದಿನ ಎರಡು ಕಾಲುಗಳ ನಡುವೆ ನಿಂತವನು ಕಾಲು ತಾಗಿಸಿ ಎಡವುವ ಸಂಭವವೂ ಕಡಿಮೆ.

6. ಗಾಳಿ, ತೂಕ ಮತ್ತು ಕೈ

ನಡುಗಂಬದ ಕೆಳಗೆ ಕೊಕ್ಕೆಯಿರುವ ಟ್ರೈಪಾಡಿಗೆ ಚೀಲವನ್ನು ತೂಗುಹಾಕಿ ಭಾರ ಕೊಡುವುದು ರೂಢಿಯಲ್ಲಿದೆ. ಇದರಲ್ಲಿ ಎರಡು ಎಚ್ಚರಿಕೆಗಳುಂಟು. ಗಾಳಿಗೆ ಚೀಲ ತೂಗಾಡಿದರೆ ಟ್ರೈಪಾಡೂ ಅದರೊಡನೆ ತೂಗಾಡುತ್ತದೆ. ಚೀಲದ ತಳ ನೆಲವನ್ನು ತುಸು ತಾಗುವಂತಿರಬೇಕು. ಮೆತ್ತನೆಯ ನೆಲದಲ್ಲಿ ಹೆಚ್ಚಿನ ತೂಕವೆಂದರೆ ಹೆಚ್ಚಿನ ಕುಸಿತ. ಪಾದಗಳ ಕೆಳಗೆ ಹಲಗೆಯಿಟ್ಟ ಮೇಲೆಯೇ ತೂಕ. ಈ ಕ್ರಮ ತಪ್ಪಿದರೆ ಉಪಾಯವೇ ಅಪಾಯವಾಗುತ್ತದೆ.

ಗಟ್ಟಿಯಾಗಿ ನಿಂತ ಟ್ರೈಪಾಡನ್ನು ಕೊನೆಗೆ ಅಲುಗಿಸುವುದು ಛಾಯಾಗ್ರಾಹಕನ ಬೆರಳು. ಗುಂಡಿಯನ್ನು ಒತ್ತಿದ ಅದುರು ಅಡಗಲು ಹೊತ್ತು ಬೇಕು. 2 ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಬೇಕು. ಮೆತ್ತನೆಯ ನೆಲದಲ್ಲಿ 10 ಸೆಕೆಂಡ್ ಲೇಸು. ಮೊಬೈಲನ್ನು ಹಿಡಿಕೆಯಿಂದ ಟ್ರೈಪಾಡಿಗೆ ಸಿಕ್ಕಿಸಿದವರಿಗೂ ಇದೇ ನಿಯಮ. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ಕನ್ನಡಿಯನ್ನು ಮೊದಲೇ ಎತ್ತಿಡುವ ಸೌಲಭ್ಯವಿದ್ದರೆ ಬಳಸಬೇಕು. ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆಯು ಹಳೆಯ ಲೆನ್ಸುಗಳಲ್ಲಿ ಟ್ರೈಪಾಡಿನ ಮೇಲೆ ತಾನೇ ಅಲುಗಾಟವನ್ನುಂಟುಮಾಡಬಹುದು. ಅದನ್ನು ಆರಿಸಿಡುವುದು ಒಳ್ಳೆಯದು. ಕನ್ನಡಿ ಅಥವಾ ಟಾರ್ಚ್ ಹಿಡಿದವರು ಬೆಳಕಿನ ದಿಕ್ಕು ಬದಲಿಸಲು ಟ್ರೈಪಾಡಿನ ಪಕ್ಕದಲ್ಲೇ ನಡೆದಾಡಬಾರದು. ಮೆತ್ತನೆಯ ನೆಲದಲ್ಲಿ ಒಬ್ಬರ ಹೆಜ್ಜೆ ಹತ್ತಿರದ ಪಾದವನ್ನು ಅಲುಗಿಸುತ್ತದೆ. ಟ್ರೈಪಾಡಿನ ಸುತ್ತ ಎರಡು ಮೊಳದಷ್ಟು ಜಾಗ ಯಾರೂ ತುಳಿಯದಂತಿರಲಿ.

7. ಅಲ್ಲಿಯೇ ಪರೀಕ್ಷೆ

ಚಿತ್ರ ಸರಿಯಾಗಿದೆಯೇ ಎಂಬುದನ್ನು ಮನೆಗೆ ಬಂದು ನೋಡುವುದಲ್ಲ, ಅಲ್ಲಿಯೇ ನೋಡಬೇಕು. ಕೆಲಸದ ಆರಂಭದಲ್ಲಿ ತೆಗೆದ ಮೊದಲ ಚಿತ್ರವನ್ನು ಇಟ್ಟುಕೊಂಡು, ಕೊನೆಯಲ್ಲಿ ಯಾವುದನ್ನೂ ಮುಟ್ಟದೆ ಅದೇ ಬೆಳಕಿನಲ್ಲಿ ಮತ್ತೊಂದನ್ನು ತೆಗೆಯಬೇಕು. ಎರಡನ್ನೂ ಪರದೆಯ ಮೇಲೆ ದೊಡ್ಡದು ಮಾಡಿ, ಒಂದೇ ಅಕ್ಷರ ಚೌಕಟ್ಟಿನ ಒಂದೇ ಜಾಗದಲ್ಲಿದೆಯೇ ಎಂದು ನೋಡಬೇಕು. ಅಕ್ಷರ ಸರಿದಿದ್ದರೆ ನಡುವಿನ ಚಿತ್ರಗಳನ್ನು ನಂಬುವಂತಿಲ್ಲ. ಬೆಳಕು ಉಳಿದಿರುವಾಗಲೇ ಹಲಗೆ ಸರಿಪಡಿಸಿ ಮತ್ತೆ ತೆಗೆಯಬೇಕು. ಕ್ಷೇತ್ರ ಟಿಪ್ಪಣಿಯಲ್ಲಿ ಸ್ಥಳ, ದಿನ, ಹೊತ್ತು, ಬೆಳಕಿನ ದಿಕ್ಕು ಇವುಗಳೊಡನೆ ಟ್ರೈಪಾಡ್ ನಿಂತ ನೆಲದ ಬಗೆಯನ್ನೂ ಕಲ್ಲಿಗಿದ್ದ ದೂರವನ್ನೂ ಬರೆದಿಟ್ಟರೆ ಮುಂದೆ ಹೋಗುವವರಿಗೆ ದಾರಿಯಾಗುತ್ತದೆ.

8. ಸ್ಥಳದ ಮರ್ಯಾದೆ

ಟ್ರೈಪಾಡ್ ಗಟ್ಟಿಯಾಗಿ ನಿಲ್ಲಲೆಂದು ಶಾಸನದ ಕಲ್ಲಿಗೆ ಅದನ್ನು ಒರಗಿಸುವುದು, ಬಿದ್ದ ಶಿಲ್ಪದ ತುಂಡನ್ನು ಪಾದದ ಕೆಳಗಿಡುವುದು, ಕಲ್ಲಿನ ಬುಡದ ಮಣ್ಣನ್ನು ಅಗೆಯುವುದು ಸಲ್ಲದು. ಬುಡದ ಮಣ್ಣು ತೆಗೆದರೆ ಕಲ್ಲೇ ವಾಲುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದೂ ತಪ್ಪು. ಬಳಿಯುವವನು ತಾನು ಓದಿದ್ದನ್ನೇ ಕಲ್ಲಿನ ಮೇಲೆ ಬರೆದಂತಾಗುತ್ತದೆ. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಖಾಸಗಿ ಗದ್ದೆ ತೋಟಗಳಲ್ಲಿ ಮನೆಯವರನ್ನು ಕೇಳಿಯೇ ಕಾಲಿಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಹಲಗೆ ತುಂಡನ್ನೂ ಹಂಚನ್ನೂ ಕೊಡುವವರು ಅವರೇ. ಕಲ್ಲಿನ ಬಗ್ಗೆ ಹಿರಿಯರು ಹೇಳುತ್ತಿದ್ದ ಕಥೆಯನ್ನು ಹೇಳುವವರೂ ಅವರೇ.

ಉಪಸಂಹಾರ

ಕ್ಷೇತ್ರದಲ್ಲಿ ನಿಂತ ಕಲ್ಲುಗಳಿಗೆ ಆಯುಸ್ಸು ಶಾಶ್ವತವಲ್ಲ. ರಸ್ತೆ ಅಗಲವಾಗುವಾಗ ಕೆಲವು ಮಣ್ಣಿನಡಿ ಸೇರುತ್ತವೆ, ಕೆಲವು ಮೋರಿಗೆ ಹಾಸುಗಲ್ಲಾಗುತ್ತವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿ ಸವೆಯುತ್ತವೆ. ಇಂದು ತೆಗೆದ ಚಿತ್ರವೇ ಮುಂದೊಂದು ದಿನ ಉಳಿಯುವ ಏಕೈಕ ಪಾಠವಾಗಬಹುದು. ಗಡಿಯ ಊರುಗಳಲ್ಲಿ, ಕನ್ನಡ ಬರಹವನ್ನು ಓದಬಲ್ಲವರು ಕಡಿಮೆಯಾಗುತ್ತಿರುವ ಎಡೆಗಳಲ್ಲಿ, ಈ ಮಾತಿಗೆ ಇನ್ನಷ್ಟು ತೂಕವಿದೆ. ಮೂರು ಹಲಗೆ ತುಂಡು, ಒಂದು ದಾರ, ಒಂದು ಕಲ್ಲು, ಎರಡು ನಿಮಿಷದ ತಾಳ್ಮೆ: ಇಷ್ಟನ್ನು ಚೀಲದಲ್ಲಿಟ್ಟುಕೊಂಡು ಹೊರಟ ವಿದ್ಯಾರ್ಥಿಯು ಓದಲು ಬರುವ ಚಿತ್ರದೊಡನೆ ಮರಳುತ್ತಾನೆ.

ಅಭ್ಯಾಸ

1. ಕಾಲೇಜಿನ ಆವರಣದಲ್ಲಿ ಹುಲ್ಲುನೆಲ, ಮರಳು, ಗಟ್ಟಿನೆಲ ಈ ಮೂರು ಕಡೆ ಟ್ರೈಪಾಡ್ ನಿಲ್ಲಿಸಿ, ಹತ್ತು ನಿಮಿಷಗಳ ಅಂತರದಲ್ಲಿ ಒಂದೇ ವಸ್ತುವಿನ ಎರಡೆರಡು ಚಿತ್ರ ತೆಗೆದು ಹೋಲಿಸಿರಿ.
2. ಅದೇ ಪ್ರಯೋಗವನ್ನು ಪಾದಗಳ ಕೆಳಗೆ ಹಲಗೆಯಿಟ್ಟು ಪುನರಾವರ್ತಿಸಿ, ವ್ಯತ್ಯಾಸವನ್ನು ಟಿಪ್ಪಣಿ ಮಾಡಿರಿ.
3. ಸಮೀಪದ ಯಾವುದಾದರೂ ಕಲ್ಲುಬರಹವನ್ನು ಎಡ, ಬಲ, ಮೇಲಿನ ಓರೆಬೆಳಕಿನಲ್ಲಿ ತೆಗೆದು, ಒಂದು ಚಿತ್ರದಲ್ಲಿ ಕಾಣದೆ ಇನ್ನೊಂದರಲ್ಲಿ ಕಾಣುವ ಗೆರೆಗಳನ್ನು ಗುರುತಿಸಿರಿ.
4. ಮುಕ್ಕಾಲಿ, ಮುಕ್ಕಣ್ಣ, ಮುಮ್ಮಡಿ ಪದಗಳನ್ನು ಬಿಡಿಸಿ ಬರೆದು ಅವುಗಳ ಸಮಾಸವನ್ನು ವಿವರಿಸಿರಿ.